ಬೋರ್ಡಿನ ಗೋಡೆಗೆ ಹೊಡೆದ ನೀರು

ಅಥವಾ ಅದು ತಾಮ್ರದ ಚರಿಗೆಯೇ ಅಲ್ಲ, ಬಚ್ಚಲಿನ ನೀಲಿ ಮಗ್ಗು. ಅದನ್ನು ಹಿಡಿದಿದ್ದ ಕೈಯೂ ಅವ್ವನದಲ್ಲ, ನನ್ನದು. ಹೀಗೆಂದು ಯಾರಾದರೂ ಬಂದು ಹೇಳಿದರೆ ಈಗ ನಾನು ವಾದಕ್ಕೆ ನಿಲ್ಲಲಾರೆ. ನನ್ನ ಕಣ್ಣ ಮುಂದೆ ಬರುವ ಚಿತ್ರ ಮಾತ್ರ ಬಹಳ ಸ್ಪಷ್ಟವಾಗಿದೆ. ಅವ್ವ ಹೊಸ ಗೋಡೆಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಾಳೆ. ಎಡಗೈಯಲ್ಲಿ ಚರಿಗೆ. ಬಲಗೈಯಿಂದ ನೀರು ಅದ್ದಿ ಅದ್ದಿ ಗೋಡೆಗೆ ಚಿಮುಕಿಸುತ್ತಿದ್ದಾಳೆ. ಕಿಟಕಿಯ ಬೆಳಕು ಅವಳ ಬಿಳಿ ತಲೆಯ ಮೇಲೆ ಬಿದ್ದಿದೆ. ನೆನಪು ಇಷ್ಟು ಚಂದವಾಗಿ ಬಂದು ಎದುರಿಗೆ ನಿಂತಾಗಲೇ ನನಗೆ ಗುಮಾನಿ ಶುರುವಾಗುತ್ತದೆ. ಯಾಕೆಂದರೆ ಆ ವರ್ಷ ಅವ್ವನ ಮೊಣಕಾಲು ಮಡಚುತ್ತಲೇ ಇರಲಿಲ್ಲ. ಕುಕ್ಕರುಗಾಲಲ್ಲಿ ಕೂತಳು ಅನ್ನುವುದು ಸುಳ್ಳು. ಕೂತದ್ದು ಸುಳ್ಳಾದರೆ ಚರಿಗೆ ಯಾಕೆ ನಿಜವಾಗಿರಬೇಕು?

ಯಾವ ಗೋಡೆ, ಯಾತರ ನೀರು ಎಂದು ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ. ಹುಮನಾಬಾದಿನ ನಮ್ಮ ಮನೆಯಲ್ಲಿ ನಾನು ಮತ್ತು ಅವ್ವ ಇಬ್ಬರೇ. ನಾನು ಚಿಟಗುಪ್ಪದ ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು. ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರುವವಳು. ಎರಡು ವರ್ಷದ ಹಿಂದೆ ಅವ್ವನಿಗೆ ಮೊಣಕಾಲು ನೋವು ಹೆಚ್ಚಾಗಿ, ಬಚ್ಚಲಿಗೆ ಹತ್ತಿರ ಒಂದು ಕೋಣೆ ಬೇಕಾಯಿತು. ಪಡಸಾಲೆಯನ್ನೇ ಎರಡು ಮಾಡೋಣ ಎಂದೆ. ಇಟ್ಟಿಗೆಯ ಗೋಡೆ ಕಟ್ಟಬೇಕಾದರೆ ನೆಲದ ಟೈಲ್ಸು ಒಡೆಯಬೇಕು, ಮನೆ ತುಂಬ ಸಿಮೆಂಟು, ತಿಂಗಳುಗಟ್ಟಲೆ ಧೂಳು. ಅದಕ್ಕೇ ಬೋರ್ಡಿನ ಗೋಡೆ. ತಗಡಿನ ಚೌಕಟ್ಟು ನಿಲ್ಲಿಸಿ, ಅದರ ಎರಡೂ ಕಡೆ ಜಿಪ್ಸಮ್ ಬೋರ್ಡುಗಳನ್ನು ಸ್ಕ್ರೂ ಹಾಕಿ ಕೂರಿಸುತ್ತಾರೆ. ವಾರದೊಳಗೆ ಕೋಣೆ ತಯಾರು. ಆ ವಾರ ನಾನು ರಜೆ ಹಾಕಿದ್ದೆ.

ಈ ಗೋಡೆಯ ಬಗ್ಗೆ ಬರೆಯಬೇಕೆಂದು ಅನಿಸಿದ್ದು ಕೂಡ ಒಂದು ಕೆಟ್ಟ ಚಟದಿಂದ. ರಜೆಯ ದಿನ ನಾಲ್ಕು ಗಂಟೆಗೆ ಚಹಾ ಹಿಡಿದು ಕೂತರೆ ಪಶ್ಚಿಮದ ಕಿಟಕಿಯಿಂದ ಬಿಸಿಲು ಬಂದು ಗೋಡೆಯ ಮೇಲೆ ಅಡ್ಡಡ್ಡ ಮಲಗುತ್ತದೆ. ಹತ್ತು ನಿಮಿಷ ಅಷ್ಟೇ. ಅಂಥ ಬೆಳಕು ಗೋಡೆಯ ಯಾವ ಗುಟ್ಟನ್ನೂ ಮುಚ್ಚಿಡುವುದಿಲ್ಲ. ಒಂದು ಸಾಸಿವೆಯಷ್ಟು ಉಬ್ಬು ಇದ್ದರೂ ಅದರ ನೆರಳು ಬೆರಳುದ್ದ ಬೀಳುತ್ತದೆ. ನಾನು ಕಪ್ಪು ಕೆಳಗಿಟ್ಟು ಬೋರ್ಡಿಗೆ ಬೋರ್ಡು ಸೇರಿದ ಸಂದು ಹುಡುಕುತ್ತೇನೆ. ಎರಡು ವರ್ಷದಿಂದ ಹುಡುಕುತ್ತಿದ್ದೇನೆ. ಸಿಕ್ಕಿಲ್ಲ. ಸಿಕ್ಕಿದ್ದರೆ ಬಹುಶಃ ನಾನು ಮಾಳಪ್ಪನನ್ನು ಇಷ್ಟೊತ್ತಿಗೆ ಮರೆತಿರುತ್ತಿದ್ದೆ.

ಮಾಳಪ್ಪ ಮನ್ನಾಏಖೇಳ್ಳಿ ಕಡೆಯವನು. ಮೂವತ್ತೈದು, ಮೂವತ್ತಾರು ಇರಬಹುದು. ಸಣಕಲು ಆಳು, ಉದ್ದ ಬೆರಳು, ಹುಬ್ಬಿನ ಮೇಲೆ ಯಾವಾಗಲೂ ಬಿಳಿ ಪುಡಿ. ಮೊದಲ ದಿನ ಬೋರ್ಡು ಹೊತ್ತು ತಂದು ನಿಲ್ಲಿಸುವಾಗ ಜೊತೆಗೆ ಇನ್ನೊಬ್ಬನಿದ್ದ, ಆಮೇಲೆ ಒಬ್ಬನೇ. ಅವ್ವ ಕುರ್ಚಿ ಹಾಕಿಕೊಂಡು ಅವನ ಬೆನ್ನ ಹಿಂದೆ ಕೂತಳು. ಹೊಸಬರು ಮನೆಗೆ ಬಂದರೆ ಅವ್ವನ ಪಂಚನಾಮೆ ಆಗದೆ ಮುಂದಿನ ಕೆಲಸ ಇಲ್ಲ.

"ಯಾವ ಊರಪಾ ತಮ್ಮಾ?"

"ಮನ್ನಾಏಖೇಳ್ಳಿ ಬಾಜೂಕ ರಿ ಆಯಿ."

"ಕುರಿ ಅದಾವೇನು?"

"ಇದ್ದವ್ರಿ. ಈಗ ಅಣ್ಣನ ಬಲ್ಲಿ ಅದಾವ. ನಾ ಹೈದರಾಬಾದಕ್ಕ ಹೋಗಿ ಒಂಬತ್ತು ವರ್ಷ ಆತು. ಅಲ್ಲೇ ಈ ಕೆಲಸ ಕಲ್ತಿದ್ದು."

ಅವ್ವ ಕೋಲಿನಿಂದ ಬೋರ್ಡನ್ನು ಕುಟ್ಟಿ ನೋಡಿದಳು. ಡಬ್ ಡಬ್ ಅಂದಿತು.

"ಇದೇನ್ ಗೋಡಿಯೋ, ಬಿಸ್ಕೀಟ ಡಬ್ಬಿಯೋ? ಎಮ್ಮಿ ಒಂದು ಬಂದು ಮೈ ತಿಕ್ಕಿದ್ರ ಮುಗೀತು."

"ಎಮ್ಮಿ ನಿಮ್ಮ ಕ್ವಾಣ್ಯಾಗ ಯಾಕ ಬರತದ್ರಿ ಆಯಿ? ನಿಮ್ಮ ಮಗಳ ದವಾಖಾನಿಗಿ ಹೋಗತದ."

ಅವ್ವನಿಗೆ ಅವನು ಹಿಡಿಸಿದ. ಎದುರುಮಾತು ಆಡುವವರೇ ಅವಳಿಗೆ ಹಿಡಿಸುವುದು.

ಬೋರ್ಡು ಕೂರಿಸುವ ಕೆಲಸ ನನಗೆ ಕಷ್ಟದ್ದಾಗಿ ಕಂಡಿತ್ತು. ಮಾಳಪ್ಪನಿಗೆ ಅದರ ಮೇಲೆ ಗೌರವವೇ ಇರಲಿಲ್ಲ. "ಬೋರ್ಡ್ ಯಾರ್ ಬೇಕಾದ್ರೂ ಹೊಡೀತಾರ್ರಿ ಅಕ್ಕಾರ. ಸಂದಿ ಮುಚ್ಚಾಕ ಕೈ ಬೇಕು," ಎನ್ನುತ್ತಿದ್ದ. ಬೋರ್ಡಿಗೆ ಬೋರ್ಡು ಸೇರುವಲ್ಲೆಲ್ಲ ಒಂದು ಸಂದು ಉಳಿಯುತ್ತದೆ. ಅದನ್ನು ತುಂಬುವ ಬಿಳಿ ಪುಡಿಯನ್ನು ಬಕೆಟ್ಟಿನಲ್ಲಿ ನೀರಿಗೆ ಸ್ವಲ್ಪ ಸ್ವಲ್ಪವೇ ಉದುರಿಸಿ ಕಲಸುತ್ತಿದ್ದ. ಅದಕ್ಕೆ ಅವನ ಹೆಸರು ಮಸಾಲಾ. ಝುಣಕಕ್ಕಿಂತ ಸಡಿಲ, ಅಂಬಲಿಗಿಂತ ಗಟ್ಟಿ. ಒಂದು ಗಂಟು ಉಳಿದರೂ ಇಡೀ ಬಕೆಟ್ಟು ಕೆಡಿಸಿ ಮತ್ತೆ ಕಲಸುವವನು. ಮೊದಲು ಸಂದಿನಲ್ಲಿ ತೆಳ್ಳಗೆ ಮಸಾಲಾ ಎಳೆಯುವುದು, ಅದು ಹಸಿ ಇರುವಾಗಲೇ ಮೇಲೆ ಕಾಗದದ ಟೇಪು ಹಚ್ಚುವುದು, ನಡುವಿನಿಂದ ಎರಡೂ ಕಡೆಗೆ ಉಕ್ಕಿನ ಪಟ್ಟಿಯಿಂದ ಒತ್ತಿ ಒಳಗಿನ ಗಾಳಿ ಹೊರಡಿಸುವುದು. ಒಣಗಿದ ಮೇಲೆ ಎರಡನೇ ಕೈ, ಮೊದಲಿನದಕ್ಕಿಂತ ನಾಲ್ಕು ಬೆರಳು ಅಗಲ. ಆಮೇಲೆ ಮೂರನೇ ಕೈ, ಇನ್ನೂ ಒಂದು ಗೇಣು ಅಗಲ, ಆದರೆ ಹಾಲಿನ ಕೆನೆಯಷ್ಟು ತೆಳು. ಕೊನೆಗೆ ಉಜ್ಜುವ ಕಾಗದ. ಅದಕ್ಕೆ ನಮ್ಮ ಕಡೆ ರೆಗಮಾಲ್ ಅನ್ನುತ್ತಾರೆ.

ನನಗೆ ತಲೆಗೆ ಹೋಗದ್ದು ಒಂದೇ: ಟೇಪಿಗೂ ಒಂದು ದಪ್ಪ ಇದೆಯಲ್ಲ, ಅದನ್ನು ಉಜ್ಜಿ ತೆಗೆಯುವುದು ಹೇಗೆ?

"ತೆಗಿಯೂದಲ್ರಿ ಅಕ್ಕಾರ. ಉಬ್ಬು ಉಬ್ಬೇ. ಅದು ಹೋಗಂಗಿಲ್ಲ. ಅದರ ಆಜೂಬಾಜೂ, ಹೊಲ ಮಟ್ಟ ಮಾಡಿದಂಗ, ಜರಾ ಜರಾ ಎತ್ತರ ಮಾಡ್ಕೋತ ದೂರ ಹೋಗಬೇಕು. ಎಲ್ಲಿ ಏರಿತು, ಎಲ್ಲಿ ಇಳೀತು, ಕಣ್ಣಿಗಿ ತಿಳೀಬಾರದು."

ಅವ್ವ ಹಿಂದಿನಿಂದ ಅಂದಳು, "ಹಂಗಂದ್ರ ಸಪಾಟ ಇಲ್ಲ. ಸಪಾಟ ಕಾಣತದ ಅಷ್ಟ."

"ಅಷ್ಟರಿ ಆಯಿ. ನಿಮಗೊಬ್ರಿಗೇ ಹೇಳೀನಿ. ನಮ್ಮ ಸೇಠಗ ಹೇಳಬ್ಯಾಡ್ರಿ."

ಇಲ್ಲಿ ನಾನು ನೆನಪಿಗೂ ಈ ಸಂದಿಗೂ ಹೋಲಿಕೆ ಕೊಟ್ಟು ಒಂದು ಪ್ಯಾರಾ ಬರೆದಿದ್ದೆ. ಓದಿದಾಗ ಅದೇ ಬಹಳ ನುಣುಪಾಗಿದೆ ಅನಿಸಿ ಹೊಡೆದುಹಾಕಿದೆ.

ಅದರ ಬದಲು ಕುರಿಗಳ ಮಾತು ಹೇಳುತ್ತೇನೆ. ಗೋರ್ಟಾ ಕಡೆಯ ಹಳ್ಳಿಯಲ್ಲಿ ನಮ್ಮದು ಮಣ್ಣಿನ ಮನೆ. ವರ್ಷಕ್ಕೊಮ್ಮೆ ಅವ್ವ ಮಣ್ಣು, ಜೋಳದ ಕಣಕಿಯ ಚೂರು, ಸೆಗಣಿ ಸೇರಿಸಿ ಕಾಲಿನಿಂದ ತುಳಿದು ಗೋಡೆಗೆ ಮೆತ್ತುತ್ತಿದ್ದಳು. ಅವಳ ಅಂಗೈ ಕಮಾನು ಕಮಾನಾಗಿ ತಿರುಗುತ್ತಿತ್ತು. ಓಣಿಯ ಯಾವ ಗೋಡೆ ಯಾರು ಮೆತ್ತಿದ್ದು ಎಂದು ಕಮಾನು ನೋಡಿಯೇ ಹೇಳಬಹುದಿತ್ತು. ಅವ್ವನದು ಸಣ್ಣ ಕಮಾನು, ನಮ್ಮ ದೊಡ್ಡವ್ವನದು ಅಗಲ, ಅವಸರದ್ದು. ಆದರೆ ನಾನು ಕಂಡ ಎಲ್ಲಕ್ಕಿಂತ ನುಣುಪಾದ ಗೋಡೆ ಇವರಿಬ್ಬರೂ ಮಾಡಿದ್ದಲ್ಲ. ಸಂಜೆ ಅಪ್ಪ ಕುರಿ ಹೊಡೆದುಕೊಂಡು ಬಂದಾಗ ಅವು ಹಿತ್ತಲಿನ ಇಕ್ಕಟ್ಟಾದ ದಾರಿಯಲ್ಲಿ ಒಂದನ್ನೊಂದು ದೂಡುತ್ತ, ಗೋಡೆಗೆ ಮೈ ತಿಕ್ಕುತ್ತ ದೊಡ್ಡಿಗೆ ಹೋಗುತ್ತಿದ್ದವು. ಎಷ್ಟೋ ವರ್ಷದ ಉಣ್ಣೆ, ಉಣ್ಣೆಯ ಜಿಡ್ಡು. ನೆಲದಿಂದ ಎರಡು ಮೊಳ ಎತ್ತರದಲ್ಲಿ ಗೋಡೆಯ ಉದ್ದಕ್ಕೂ ಒಂದು ಕಪ್ಪು ಪಟ್ಟೆ ಬಿದ್ದಿತ್ತು. ಮುಟ್ಟಿದರೆ ಕೈ ಜಾರುತ್ತಿತ್ತು. ನಾನು ಕೆನ್ನೆ ಹಚ್ಚಿ ನಿಲ್ಲುತ್ತಿದ್ದೆ. ತಂಪು, ಕುರಿಯ ವಾಸನೆ. ಅವ್ವ ಪ್ರತಿ ವರ್ಷ ಆ ಪಟ್ಟೆಯ ಮೇಲೂ ಮಣ್ಣು ಮೆತ್ತುತ್ತಿದ್ದಳು. ಜಿಡ್ಡಿಗೆ ಮಣ್ಣು ಹಿಡಿಯದೆ ವಾರದಲ್ಲಿ ಉದುರಿ ಬೀಳುತ್ತಿತ್ತು. ಅವ್ವ ಕುರಿಗಳಿಗೆ ಬೈಯುತ್ತಿದ್ದಳು, ಕುರಿಗಳ ನೆಪದಲ್ಲಿ ಅಪ್ಪನಿಗೆ.

ಇದನ್ನು ಹೇಳಿದಾಗ ಮಾಳಪ್ಪ ಪಟ್ಟಿ ಕೆಳಗಿಟ್ಟು ನಕ್ಕ. "ಹಂಗಾದ್ರ ನಮ್ಮ ಅಣ್ಣನ ಹಿಂಡ ತರಸ್ಲೇನ್ರಿ? ರೆಗಮಾಲ್ ಉಳೀತದ."

ಒಂದು ಮಧ್ಯಾಹ್ನ ನನಗೂ ಪಟ್ಟಿ ಕೊಟ್ಟು ನೋಡಿದ. ಬಾಗಿಲ ಹಿಂದೆ ಯಾರಿಗೂ ಕಾಣದ ಒಂದು ಮೂಲೆ. ನಾನು ಎಳೆದದ್ದು ಹೊಲದ ಬದುವಿನ ಹಾಗೆ ಎದ್ದು ನಿಂತಿತು. ಮಾಳಪ್ಪ ನೋಡಿದ, ಮತ್ತೆ ನೋಡಿದ, ಬಹಳ ವಿಚಾರ ಮಾಡಿ ಹೇಳಿದ: "ನಿಮ್ದು ಚುಚ್ಚೂ ಕೈ ರಿ ಅಕ್ಕಾರ. ಸವರೂ ಕೈ ಅಲ್ಲ." ಇಪ್ಪತ್ತು ವರ್ಷ ದನಗಳಿಗೆ ಸೂಜಿ ಚುಚ್ಚಿದವಳಿಗೆ ಇದಕ್ಕಿಂತ ಸರಿಯಾದ ಸರ್ಟಿಫಿಕೇಟು ಯಾರೂ ಕೊಟ್ಟಿಲ್ಲ.

ಆದರೆ ಅವನು ಸುಮ್ಮನೆ ನಗುತ್ತ ಕೆಲಸ ಮಾಡುತ್ತಿರಲಿಲ್ಲ. ಈ ಗೋಡೆ ಅವನಿಗೆ ಪರೀಕ್ಷೆ. ಇದನ್ನು ಎರಡನೆಯ ದಿನ ಅವನೇ ಹೇಳಿದ. ಈ ಕೆಲಸ ಹಿಡಿದಿದ್ದ ಠೇಕೇದಾರ ವೈಜನಾಥ ಹುಮನಾಬಾದಿನವನು. ಅವನನ್ನೇ ಮಾಳಪ್ಪ ಸೇಠ ಅನ್ನುತ್ತಿದ್ದದ್ದು. ಕಲ್ಯಾಣದಲ್ಲಿ ಹೊಸ ಫಂಕ್ಷನ್ ಹಾಲು ಎದ್ದಿತ್ತು. ಅದರ ಒಳಗಿನ ಗೋಡೆ, ಮೇಲಿನ ಸೀಲಿಂಗು ಎಲ್ಲ ಬೋರ್ಡಿನದೇ, ಅದರ ಠೇಕೆ ವೈಜನಾಥನದು. ಮಾಳಪ್ಪ ಬೋರ್ಡು ಹೊಡೆಯುವುದನ್ನು ಅವನು ನೋಡಿದ್ದ, ಸಂದು ಮುಚ್ಚುವುದನ್ನು ನೋಡಿರಲಿಲ್ಲ.

"ಮೇಡಮ್ಮಾರ ಮನಿ ಗೋಡಿ ಒಬ್ಬನೇ ಮಾಡು, ಗುರುವಾರ ಮುಂಜಾನಿ ಬಂದು ನೋಡತೀನಿ ಅಂದಾರ್ರಿ. ಸಾಫ್ ಬಂದ್ರ ಕಲ್ಯಾಣದ ಸಂದಿ ಪೂರಾ ನಂದೇ. ಇಲ್ಲಂದ್ರ ಮತ್ತ ಹೈದರಾಬಾದ."

"ಹೈದರಾಬಾದದಾಗ ಕೆಲಸ ಇಲ್ಲೇನು?" ಅಂದಳು ಅವ್ವ.

"ಕೆಲಸ ಬೇಕಾದಷ್ಟ ಅದ ಆಯಿ. ಹಬ್ಬಕ್ಕೊಮ್ಮಿ ಊರಿಗಿ ಹೋಗತೀನಿ. ನನ್ನ ಮಗಳು ನನ್ನ ನೋಡಿ ಒಳಗ ಓಡಿ ಹೋಗತಾಳ. 'ಯವ್ವಾ, ಯಾರೋ ಬಂದಾರ' ಅಂತಾಳ."

ಅವ್ವ ಅದಕ್ಕೆ ಏನು ಹೇಳಿದಳೋ ನನಗೆ ನೆನಪಿಲ್ಲ. ಕಲ್ಯಾಣಕ್ಕೂ ಅವನ ಊರಿಗೂ ದಿನಾ ಬಸ್ಸಿನಲ್ಲಿ ಹೋಗಿಬಂದು ಮಾಡಬಹುದೆಂದು ಅವನು ಬೆರಳು ಮಡಚಿ ಬಸ್ಸಿನ ಹೊತ್ತು ಎಣಿಸುತ್ತಿದ್ದದ್ದು ಮಾತ್ರ ನೆನಪಿದೆ. ಬೆರಳಿನ ಸಂದಿನಲ್ಲಿ ಮಸಾಲಾ ಒಣಗಿ ಬಿರಿದಿತ್ತು.

ಬುಧವಾರ ಮೂರನೇ ಕೈ ಮುಗಿಯಿತು. ಹೊರಡುವಾಗ ಮಾಳಪ್ಪ ಹೇಳಿದ, "ಮುಂಜಾನಿ ತನಕ ಯಾರೂ ಕೈ ಹಚ್ಚಬ್ಯಾಡ್ರಿ. ಒಣಗಲಿ. ನಾಳಿ ರೆಗಮಾಲ್ ತಿಕ್ಕಿದ್ರ ಕನ್ನಡಿ."

ನಮ್ಮ ಕಡೆಯ ಮನೆಯವರನ್ನು ನೀವು ಬಲ್ಲಿರಲ್ಲ. ಗೋಡೆ ಕಟ್ಟುವುದು ಗವಂಡಿಯ ಕೆಲಸ, ಅದಕ್ಕೆ ನೀರು ಹೊಡೆಯುವುದು ಮನೆಯವರ ಕೆಲಸ. ಗವಂಡಿ ಅದನ್ನು ಬಾಯಿ ಬಿಟ್ಟು ಹೇಳುವುದೂ ಇಲ್ಲ. ಮುಂಜಾನೆ ಒಮ್ಮೆ, ಸಂಜೆ ಒಮ್ಮೆ, ಗೋಡೆ ಕುಡಿದಷ್ಟು. ಈ ಮನೆ ಕಟ್ಟುವಾಗ ನಾನೂ ಅವ್ವನೂ ಇಪ್ಪತ್ತೊಂದು ದಿನ ತಪ್ಪದೆ ನೀರು ಹೊಡೆದಿದ್ದೆವು. ಪೈಪು ಮುಟ್ಟದ ಕಡೆ ಚರಿಗೆ. ಗಾರೆ ಬೇಗ ಒಣಗಿದರೆ ಬಿರುಕು ಬಿಡುತ್ತದೆ ಎನ್ನುವುದು ನಮಗೆ ಅಕ್ಷರಕ್ಕಿಂತ ಮೊದಲು ಬಂದ ವಿದ್ಯೆ.

ಆ ಸಂಜೆ ಅವ್ವ ಅಂದದ್ದು ಇದು:

"ಏ ಶಾಂತಾ, ಗೋಡಿ ನೋಡು, ಹ್ಯಾಂಗ ಬೆಳ್ಳಗ ಒಣಗಾಕತ್ಯಾದ. ನೀರು ಹೊಡೀಲಿಲ್ಲಂದ್ರ ಬಿರೀತದ."

"ಮಾಳಪ್ಪ ಏನೂ ಹೇಳಿಲ್ಲಲ್ಲ ಅವ್ವಾ."

"ಅಂವ ಯಾಕ ಹೇಳ್ತಾನ? ಯಾವ ಗವಂಡಿ ಹೇಳ್ಯಾನ? ಪಾಪ, ನಾಳಿ ಅವನ ಸೇಠ ಬರಾಂವ ಇದ್ದಾನ. ಒಂದು ಗೆರಿ ಬಿರಿದ್ರ ಅವನ ಅನ್ನ ಹೋಗತದ."

ಇಷ್ಟು ಮಾತು ಖಚಿತ. ಅವ್ವನೂ ಒಪ್ಪುತ್ತಾಳೆ. ಇಲ್ಲಿಂದ ಮುಂದೆ ನಮ್ಮಿಬ್ಬರ ದಾರಿ ಬೇರೆ. ನನ್ನ ಪ್ರಕಾರ ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ಅವ್ವನ ಪ್ರಕಾರ ರೊಟ್ಟಿ ಮಧ್ಯಾಹ್ನದ್ದೇ ಇತ್ತು. "ನಾ ಹೇಳಿದ್ದು ಖರೆ. ಹೊಡದಾಕಿ ನೀ," ಎನ್ನುತ್ತಾಳೆ ಇವತ್ತಿಗೂ, ಬಹಳ ಸಮಾಧಾನದಿಂದ. ನನ್ನ ಬಳಿ ಚರಿಗೆಯ ಚಿತ್ರ ಇದೆ. ಅದರಲ್ಲಿ ಅವ್ವ ಮಡಚಲಾರದ ಕಾಲನ್ನು ಮಡಚಿ ಕೂತಿದ್ದಾಳೆ. ಅವ್ವನ ಪರವಾಗಿ ಇನ್ನೊಂದು ಸಾಕ್ಷಿ ಇದೆ, ಅದೂ ನನ್ನೊಳಗೇ: ನನ್ನ ಕುಪ್ಪಸದ ಬಲತೋಳು ಮೊಣಕೈವರೆಗೆ ಒದ್ದೆಯಾಗಿ ಮೈಗೆ ಅಂಟಿಕೊಂಡಿದ್ದದ್ದು. ಆ ಒದ್ದೆ ಯಾವ ದಿನದ್ದು ಎಂದು ಅದರ ಮೇಲೆ ಬರೆದಿಲ್ಲ. ಸಂಜೆ ಒಮ್ಮೆ, ಮರುದಿನ ನಸುಕಿನಲ್ಲಿ ಒಮ್ಮೆ, ಅಂತೂ ಎರಡು ಸಲ ಆ ಗೋಡೆಗೆ ನೀರು ಬಿತ್ತು. ಒಂದು ಸಲ ಅವಳು, ಒಂದು ಸಲ ನಾನು ಎಂದು ರಾಜಿ ಮಾಡಿಕೊಳ್ಳಬಹುದು. ಹಾಗೆ ರಾಜಿ ಮಾಡಿಕೊಂಡದ್ದಕ್ಕೆ ನೆನಪು ಎಂದು ಹೆಸರಿಡಲು ನನಗೆ ಮನಸ್ಸಿಲ್ಲ.

ಯಾರೇ ಹೊಡೆದಿರಲಿ, ಹೊಡೆದದ್ದು ಅವನ ಕೆಲಸ ಉಳಿಯಲಿ ಎಂದು.

ಗುರುವಾರ ಎಂಟು ಗಂಟೆಗೆ ಮಾಳಪ್ಪ ಬಂದ. ಕಿಟಕಿ ಮುಚ್ಚಿ, ಬ್ಯಾಟರಿ ಹಚ್ಚಿ, ಅದನ್ನು ಗೋಡೆಗೆ ಆನಿಸಿ ಬೆಳಕು ಬಿಟ್ಟ. ಸಂದಿನ ಉದ್ದಕ್ಕೂ ಟೇಪು ಎದ್ದಿತ್ತು. ಎಣ್ಣೆಗೆ ಬಿಟ್ಟ ಹಪ್ಪಳದ ಮೇಲೆ ಏಳುತ್ತವಲ್ಲ, ಅಂಥ ಗುಳ್ಳೆಗಳು. ಕೆಳಗಡೆ ಮಸಾಲಾ ಮೆತ್ತಗಾಗಿ ಜಾರಿತ್ತು. ಅವನು ಬೈಯಲಿಲ್ಲ. ಬೆರಳಿನ ಹಿಂಭಾಗವನ್ನು ಗೋಡೆಗೆ ಹಚ್ಚಿ ನಿಂತ. ಜ್ವರ ಬಂದ ಎಮ್ಮೆಯ ಕಿವಿಯನ್ನು ನಾನು ಹಾಗೆಯೇ ಮುಟ್ಟಿ ನೋಡುತ್ತೇನೆ. ಬಹಳ ಹೊತ್ತು ಮುಟ್ಟಿಕೊಂಡೇ ಇದ್ದ. ಆಮೇಲೆ ಕೆಳಗೆ ನೋಡಿದ. ಗೋಡೆಯ ಬುಡದಲ್ಲಿ ಟೈಲ್ಸಿನ ಮೇಲೆ ನೀರು ನಿಂತಿತ್ತು, ಒಂದು ತಾಟಿನಷ್ಟು ಅಗಲ.

ಹೊರಗೆ ವೈಜನಾಥನ ಗಾಡಿಯ ಸದ್ದಾಯಿತು. ಮಾಳಪ್ಪ ಮಸಾಲದ ಬಕೆಟ್ಟನ್ನು ಎತ್ತಿ ಆ ನೀರಿನ ಮೇಲೆ ಇಟ್ಟ.

ಇದನ್ನು ನಾನು ನೋಡಿದೆ. ಬಕೆಟ್ಟು ಅಲ್ಲಿ ಇಟ್ಟದ್ದು ಕೈಗೆ ಹತ್ತಿರವಾಗಲಿ ಎಂದೋ, ನೀರು ಕಾಣದಿರಲಿ ಎಂದೋ, ಅದು ನನಗೆ ಕಾಣಲಿಲ್ಲ. ಬಕೆಟ್ಟಿನ ತಳ ಯಾವಾಗಲೂ ಒದ್ದೆಯೇ ಇರುತ್ತದೆ.

ವೈಜನಾಥ ಚಪ್ಪಲಿ ಬಿಟ್ಟು ಒಳಗೆ ಬಂದ. "ನಮಸ್ಕಾರ್ರಿ ಮೇಡಮ್ಮಾರ," ಅಂದವನು ಗೋಡೆ ನೋಡಿ ಅಲ್ಲೇ ನಿಂತ.

"ಏನೋ ಮಾಳಪ್ಪ, ಗೋಡಿಗಿ ದಡಾರ ಎದ್ದಾವೇನು?"

ಮಾಳಪ್ಪ ಬ್ಯಾಟರಿ ಆರಿಸಿದ.

"ಇದನ್ನ ತಗೊಂಡು ಕಲ್ಯಾಣದ ಮಾಲಕಗ ತೋರಸ್ಲಿ ನಾ? ಮದಿವಿ ಹಾಲಿನ್ಯಾಗ ಇಂಥ ಗೋಡಿ ಮಾಡಿದ್ರ ಬೀಗರು ಹೆಣ್ಣು ಬಿಟ್ಟು ಗೋಡಿ ನೋಡ್ಕೋತ ಕೂಡತಾರ."

"ಮಸಾಲಾ ಸಡಿಲ ಆಗಿತ್ರಿ ಸೇಠ. ನಂದೇ ತಪ್ಪು."

"ಒಂಬತ್ತು ವರ್ಷ ಹೈದರಾಬಾದದಾಗ ಏನ್ ಕುರಿ ಕಾಯ್ದ್ಯಾ?"

ಈಗ ನಾನು ಏನು ಮಾಡಿದೆ ಎಂದು ನೀವು ಕೇಳುತ್ತೀರಿ. ನನ್ನ ನೆನಪಿನ ಪ್ರಕಾರ ನಾನು ಒಂದು ಹೆಜ್ಜೆ ಮುಂದೆ ಬಂದೆ, ಬಾಯಿ ತೆರೆದೆ, ಅಷ್ಟರಲ್ಲಿ ವೈಜನಾಥನ ಫೋನು ಬಂತು, ಅವನು ಮಾತಾಡುತ್ತ ಹೊರಗೆ ಹೋಗಿಬಿಟ್ಟ. ಎಷ್ಟು ಅನುಕೂಲದ ಫೋನು! ಅವ್ವನನ್ನು ಕೇಳಿದರೆ ಫೋನೂ ಇಲ್ಲ, ಏನೂ ಇಲ್ಲ. "ನೀ ಬಾಯಿ ತಗದಿ ಖರೆ. ತಗದು, 'ಚಹಾ ತಗೋತೀರೇನ್ರಿ' ಅಂದಿ."

ಅವ್ವನ ಮಾತು ನಿಜವಿರಬೇಕು. ಯಾಕೆಂದರೆ ವೈಜನಾಥ ಚಹಾ ಕುಡಿದದ್ದು ನನಗೆ ನೆನಪಿದೆ. ಬಸಿಯಲ್ಲಿ ಸುರಿದುಕೊಂಡು, ಊದಿ, ಗೋಡೆ ನೋಡುತ್ತ ಕುಡಿದ. ಅವ್ವ ಆಗ ಎಲ್ಲಿದ್ದಳು? ಕುರ್ಚಿಯಲ್ಲೇ. "ನೀ ಕಲ್ತಾಕಿ, ನೀ ಹೇಳ್ತಿ ಅಂತ ನಾ ಸುಮ್ಮನ ಕುಂತೆ," ಎನ್ನುತ್ತಾಳೆ. ಕಲಿತವಳು ನಾಚಿಕೊಂಡಿದ್ದಳು. ಎಮ್ಮೆಗೆ ಯಾವ ಔಷಧಿ ಎಷ್ಟು ಎಂದು ಊರಿಗೆಲ್ಲ ಬುದ್ಧಿ ಹೇಳುವ ನಾನು ಕಾಗದ ಹಚ್ಚಿದ ಗೋಡೆಗೆ ನೀರು ಹೊಡೆದೆ ಎಂದು ಆ ಮನುಷ್ಯನ ಎದುರಿಗೆ ಹೇಗೆ ಹೇಳುವುದು? ನಾಚಿಕೆ ಅಂದರೆ ಅಷ್ಟೇ ಇತ್ತು, ಒಂದು ಕಪ್ಪು ಚಹಾದಷ್ಟು. ಅದಕ್ಕೆ ಎದುರಾಗಿ ಇದ್ದದ್ದು ಒಬ್ಬನ ಊರು, ಅವನ ಮಗಳು.

"ಇದನ್ನ ಸರಿ ಮಾಡಿಕೊಡು. ಕಲ್ಯಾಣದ್ದು ಬ್ಯಾರೆ ನೋಡತೀನಿ," ಎಂದು ಹೇಳಿ ವೈಜನಾಥ ಹೋದ.

ಗಾಡಿಯ ಸದ್ದು ದೂರವಾದ ಮೇಲೆ ನನಗೆ ಧೈರ್ಯ ಬಂತು. ಅಂಥ ಧೈರ್ಯ ಯಾವಾಗಲೂ ಹಾಗೆಯೇ ಬರುವುದು. "ಮಾಳಪ್ಪ, ನಿನ್ನಿ ನಾವು ಗೋಡಿಗಿ..." ಎಂದೆ.

"ಟೇಪ್ ಕೊರೀತೀನ್ರಿ ಅಕ್ಕಾರ. ಜರಾ ಆ ಕಡಿ ಸರೀರಿ, ಧೂಳ ಹಾರತದ."

ಅಷ್ಟೇ. ಅವನ ದನಿಯಲ್ಲಿ ಸಿಟ್ಟು ಇರಲಿಲ್ಲ. ಕ್ಷಮೆ ಇತ್ತು ಎಂದು ಬರೆಯಲು ನನಗೆ ಆಸೆ. ಬರೆಯುವುದಿಲ್ಲ. ಬಾಯಿಗೆ ವಸ್ತ್ರ ಕಟ್ಟಿಕೊಂಡಿದ್ದ; ಕಣ್ಣಷ್ಟೇ ಕಾಣುತ್ತಿದ್ದದ್ದು.

ಗುಳ್ಳೆ ಎದ್ದ ಟೇಪನ್ನೆಲ್ಲ ಚಾಕುವಿನಿಂದ ಕೊರೆದು ತೆಗೆದ. ಬೋರ್ಡು ಒಣಗುವ ತನಕ ಫ್ಯಾನು ಹಚ್ಚಿ ಇಡೀ ದಿನ ಕಾದ. ಆಮೇಲೆ ಮೊದಲಿನಿಂದ ಮತ್ತೆ ಮೂರು ಕೈ. ಸಂಜೆ ಹೊರಡುವಾಗ, "ಆಯಿ, ಗೋಡಿ ಬಾಯಾರಿಕಿ ಆದ್ರೂ ನೀರು ಕುಡಸಬ್ಯಾಡ್ರಿ," ಅಂದ. ಅವ್ವ ನಕ್ಕಳು. ನಾನೂ ನಕ್ಕೆ. ಅಂದರೆ ಅವನಿಗೆ ಗೊತ್ತಿತ್ತು ಎಂದು ನೀವು ತೀರ್ಮಾನಿಸಬಹುದು. ಆದರೆ ಈ ಮಾತು ಅವನು ಹೇಳಿದ್ದು ಗುರುವಾರಕ್ಕೆ ಮೊದಲೋ ನಂತರವೋ? ಮೊದಲ ದಿನ, ಬಚ್ಚಲಿನ ಕಡೆಯ ಬೋರ್ಡು ಕೂರಿಸುವಾಗ, ನೀರು ಹತ್ತಬಾರದು ಎಂಬ ಮಾತು ಬಂದಿತ್ತೆಂದು ನನಗೆ ಮಸುಕಾಗಿ ನೆನಪು. ಆಗಲೇ ಹೇಳಿದ್ದನಾದರೆ ನಮ್ಮ ತಪ್ಪಿಗೆ ಯಾವ ಕಾರಣವೂ ಉಳಿಯುವುದಿಲ್ಲ. ಆದ್ದರಿಂದಲೇ ಅದನ್ನು ನಂತರಕ್ಕೆ ಸರಿಸಿ ಇಟ್ಟುಕೊಂಡಿದ್ದೇನೋ ಏನೋ.

ಗೋಡೆ ಮುಗಿದ ದಿನ ಅವ್ವ ಅವನಿಗೆ ಸಜ್ಜೆ ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಟ್ಟಳು. ಅವನು ಅಂಗೈಯಿಂದ ಗೋಡೆಯನ್ನು ಈ ತುದಿಯಿಂದ ಆ ತುದಿಗೆ ಒಮ್ಮೆ ಸವರಿ, ಪಟ್ಟಿ ತೊಳೆದು ಚೀಲಕ್ಕೆ ಹಾಕಿಕೊಂಡು ಹೋದ. ವೈಜನಾಥ ಮತ್ತೆ ನೋಡಲು ಬರಲಿಲ್ಲ.

ಎಂಟು ದಿನ ಬಿಟ್ಟು ನಾನು ವೈಜನಾಥನಿಗೆ ಫೋನು ಮಾಡಿದೆ. ಎಂಟು ದಿನ ಯಾಕೆ ಹಿಡಿಯಿತು ಎನ್ನುವುದಕ್ಕೆ ನನ್ನ ಬಳಿ ಪಟ್ಟಿಯೇ ಇದೆ: ಆಸ್ಪತ್ರೆಯಲ್ಲಿ ಕಾಲುಬಾಯಿ ಜ್ವರದ ಲಸಿಕೆ, ಅವ್ವನ ಮೊಣಕಾಲು, ಬಸ್ಸಿನಲ್ಲಿ ಸಿಗ್ನಲ್ ಇಲ್ಲ. ಒಂದೂ ಸುಳ್ಳಲ್ಲ.

"ಏನಂತೀರ್ರಿ? ಬೋರ್ಡಿಗಿ ನೀರು ಹೊಡದ್ರ್ಯಾ?" ವೈಜನಾಥ ಫೋನಿನಲ್ಲಿ ಬಹಳ ಹೊತ್ತು ನಕ್ಕ. ಪಕ್ಕದಲ್ಲಿದ್ದ ಯಾರಿಗೋ ಹೇಳಿ ಅವನನ್ನೂ ನಗಿಸಿದ. ನಾನು ಕಾದೆ.

"ಮಾಳಪ್ಪಂದು ತಪ್ಪಿಲ್ಲ. ಅವನ ಕೈ ಚಲೋ ಅದ. ಬೇಕಾದ್ರ ಬಂದು ಗೋಡಿ ನೋಡ್ರಿ."

"ಅಂವ ನನಗ ಹೇಳಬೇಕಲ್ರಿ ಮತ್ತ?"

"ನಮ್ಮ ಮರ್ಯಾದಿಗಿ ಸುಮ್ಮನಿದ್ದಾನ."

"ಆಗ್ಲಿ ತಗೋರಿ ಮೇಡಮ್ಮಾರ. ನೋಡಮ್ರಿ."

ನಮ್ಮ ಕಡೆ 'ನೋಡಮ್ರಿ' ಎಂದರೆ ಹೌದು, ಇಲ್ಲ, ಮರೆತೆ, ಈ ಮೂರರಲ್ಲಿ ಯಾವುದೂ ಆಗಬಹುದು.

ಈ ವರ್ಷ ಕಲ್ಯಾಣದಲ್ಲಿ ನಮ್ಮ ದೊಡ್ಡವ್ವನ ಮೊಮ್ಮಗಳ ಮದುವೆ. ಅದೇ ಫಂಕ್ಷನ್ ಹಾಲು. ಅವ್ವನನ್ನು ಕುರ್ಚಿಯಲ್ಲಿ ಕೂರಿಸಿ, ಅಕ್ಷತೆಗೆ ಇನ್ನೂ ಹೊತ್ತಿದೆ ಎಂದು ನಾನು ಗೋಡೆಯ ಕಡೆಗೆ ಹೋದೆ. ಹೂವಿನ ಅಲಂಕಾರ ಇಲ್ಲದ ಒಂದು ಬದಿಯಲ್ಲಿ ನಿಂತು, ಫೋನಿನ ಬೆಳಕನ್ನು ಗೋಡೆಗೆ ಆನಿಸಿ ಹಿಡಿದು ನೋಡಿದೆ. ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ. ಬೀಗರ ಕಡೆಯ ಒಬ್ಬ ಹೆಂಗಸು ಹತ್ತಿರ ಬಂದು 'ಏನ್ರಿ, ಕಿವಿದು ಬಿತ್ತೇನು?' ಎಂದು ಕೇಳಿದಳು. ಹೌದೆಂದೆ. ಪಾಪ, ಅವಳೂ ಬಗ್ಗಿ ನೆಲದ ಮೇಲೆ ನನ್ನ ಬೆಂಡೋಲೆ ಹುಡುಕತೊಡಗಿದಳು.

ಉಬ್ಬಿಲ್ಲ. ನೆರಳಿಲ್ಲ. ಬೋರ್ಡು ಎಲ್ಲಿ ಮುಗಿಯುತ್ತದೆ, ಎಲ್ಲಿ ಶುರುವಾಗುತ್ತದೆ, ನನಗೆ ಸಿಗಲಿಲ್ಲ. ಮಣ್ಣಿನ ಗೋಡೆಯಾಗಿದ್ದರೆ ಕಮಾನು ನೋಡಿ ಕೈ ಗುರುತಿಸಬಹುದಿತ್ತು. ಈ ಕೆಲಸದಲ್ಲಿ ಕೈ ಚಲೋ ಇದ್ದಷ್ಟೂ ಅದರ ಗುರುತು ಉಳಿಯುವುದಿಲ್ಲ. ಇಷ್ಟು ಸಾಫಾದ ಗೋಡೆ ಮಾಳಪ್ಪನದೇ ಎಂದು ಒಂದು ಗಳಿಗೆ ಖುಷಿಪಟ್ಟೆ. ಹೈದರಾಬಾದಿನಲ್ಲಿ ಕಲಿತ ಕೈಗಳು ಬೇರೆ ಎಷ್ಟೋ ಇವೆ ಎನ್ನುವುದು ಮರುಗಳಿಗೆ ಹೊಳೆಯಿತು.

ಹಾಲಿನ ಮ್ಯಾನೇಜರನನ್ನು ಹಿಡಿದು ಕೇಳಿದೆ. ಅವನಿಗೆ ಊಟದ ಪಂಕ್ತಿಯ ಅವಸರ.

"ವೈಜನಾಥ ಸೇಠಂದು ಠೇಕೆ ಇತ್ರಿ. ಆಳು ಅಂದ್ರ, ಹೈದರಾಬಾದದವ್ರೂ ಇದ್ರು, ಈ ಕಡಿಯವ್ರೂ ಇದ್ರು. ಹೆಸರು ಯಾರ್ ಕೇಳ್ತಾರ್ರಿ? ಯಾಕ್ರಿ, ಗೋಡಿ ಏನಾರ ಖರಾಬ ಆಗ್ಯಾದೇನು?"

"ಇಲ್ಲ. ಬರೋಬ್ಬರಿ ಅದ."

ಬಂದು ಅವ್ವನ ಪಕ್ಕ ಕೂತೆ. "ಸಿಕ್ತೇನು?" ಅಂದಳು. ನಾನು ಏನು ಹುಡುಕಲು ಹೋಗಿದ್ದೆ ಎಂದು ಅವಳಿಗೆ ನಾನು ಹೇಳಿರಲಿಲ್ಲ. ಇಲ್ಲ ಎಂದೆ. "ಸೇಠಗ ಫೋನ್ ಹಚ್ಚಿ ಕೇಳು," ಅಂದಳು. ಹೂಂ ಅಂದೆ.

ಮಾಳಪ್ಪನಿಗೆ ಕಲ್ಯಾಣದ ಕೆಲಸ ಸಿಕ್ಕಿತೋ, ಅವನು ಹೈದರಾಬಾದಿಗೆ ಹೋದನೋ, ನನಗೆ ಗೊತ್ತಿಲ್ಲ. ವೈಜನಾಥನ ನಂಬರು ನನ್ನ ಫೋನಿನಲ್ಲಿ ಇದೆ. ಮದುವೆ ಮುಗಿದು ನಾಲ್ಕು ತಿಂಗಳಾಯಿತು. ಇನ್ನೂ ಹಚ್ಚಿಲ್ಲ.